ಬಡಗಿಯ ಬಯಕೆ

ಕಾಸರಗೋಡು ಸೀಮೆಯ ಬಡಗಿಗಳ ಮಾತಿಗೆ ಕಿವಿಗೊಟ್ಟರೆ, ಬ್ರಹ್ಮನು ಮರಗಳನ್ನು ಸೃಜಿಸುವ ಮುನ್ನ ಇವರನ್ನೊಮ್ಮೆ ವಿಚಾರಿಸಬೇಕಿತ್ತೆಂದು ನಮಗೆ ತೋರುವುದುಂಟು. ತೇಗವು ಉಳಿಯ ಬಾಯನ್ನು ಮೊಂಡಾಗಿಸಬಾರದಿತ್ತು. ಮಾವಿಗೆ ಹಲಸಿನ ಬಾಳಿಕೆ ಇರಬೇಕಿತ್ತು. ತೆಂಗು ಹೊರಗಿನಷ್ಟೇ ಒಳಗೂ ಗಟ್ಟಿಯಾಗಿರಬೇಕಿತ್ತು. ತೆಂಗಿನ ಮೇಲಣ ದೂರಂತೂ ನ್ಯಾಯವೇ. ಅದರ ಅಂಚು ಕಲ್ಲು, ನಡುವು ಬೆಂಡು.

ರಬ್ಬರಿನ ವಿಷಯದಲ್ಲಿ ಬಯಕೆ ಅರ್ಧ ಕೈಗೂಡಿದೆ. ಹಾಲು ಬತ್ತಿದ ಮರ ಹಿಂದೆ ಒಲೆಗೆ ಸಲ್ಲುತ್ತಿತ್ತು; ಅದರ ಪಿಷ್ಟಕ್ಕೆ ಹುಳು ಮುತ್ತುವುದು. ಈಗ ಹಲಗೆಗೆ ಬೋರಾಕ್ಸ್, ಬೋರಿಕ್ ಆಮ್ಲಗಳ ದ್ರಾವಣವನ್ನು ಊಡಿಸಿ ಕುರ್ಚಿ ಮೇಜು ಮಾಡುತ್ತಾರೆ. ಆದರೆ ಮಳೆಗೆ ಒಡ್ಡಿದರೆ ಆ ಔಷಧ ತೊಳೆದುಹೋಗುವುದು. ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಎಲ್ಲಕ್ಕೂ ಹಿರಿಯ ಬಯಕೆಯೆಂದರೆ, ಮರವು ಆಷಾಢದಲ್ಲಿ ಉಬ್ಬಬಾರದು, ಬೇಸಗೆಯಲ್ಲಿ ಕುಗ್ಗಬಾರದು. ಹಲಗೆ ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದು, ಅಗಲದಲ್ಲಿ ಮಾತ್ರ ಹಿಗ್ಗಿ ಕುಗ್ಗುತ್ತದೆ. ಅದಕ್ಕೆಂದೇ ಬಲ್ಲ ಬಡಗಿ ಬಾಗಿಲ ಚೌಕಟ್ಟಿನ ಗಾಡಿಯಲ್ಲಿ ಹಲಗೆಯನ್ನು ಅಂಟು ಹಾಕದೆ, ಅಲುಗಲು ಎಡೆಗೊಟ್ಟು ಕೂರಿಸುತ್ತಾನೆ. ಆದರೆ ಹಸಿಮರಕ್ಕೆ ಈ ಜಾಣ್ಮೆಯೂ ಸಾಲದು. ಗೃಹಪ್ರವೇಶದ ಮುಹೂರ್ತ ಗೊತ್ತುಮಾಡಿದ ಬಳಿಕ ಹಿತ್ತಿಲ ಹಲಸನ್ನು ಕಡಿಸಿ, ತಿಂಗಳೊಳಗೆ ಹೆಬ್ಬಾಗಿಲು ಬೇಕೆನ್ನುವ ಮನೆಗಳನ್ನು ನಾವು ಬಲ್ಲೆವು. ಮರುವರ್ಷ ಸಂದು ಬಿಟ್ಟಾಗ ಬಾಕಿ ಕೂಲಿಯನ್ನು ತಡೆಹಿಡಿದುದನ್ನೂ ಕಂಡಿದ್ದೇವೆ. ಬಡಗಿ ಮೊದಲೇ ಕೇಳಿದ್ದುದು ಕಾಲಾವಕಾಶವನ್ನು. 1 ಅಂಗುಲ ದಪ್ಪದ ಹಲಗೆಗಳನ್ನು ನಡುನಡುವೆ ರೀಪು ಇಟ್ಟು ನೆರಳಿನಲ್ಲಿ ಅಟ್ಟಿಯೊಟ್ಟಿದರೆ, ಒಣಗಲು ಸುಮಾರು 1 ವರ್ಷವೆಂಬುದು ಅವರ ರೂಢಿಯ ಲೆಕ್ಕ.