ಮೂರು ದಿನದ ಯೋಚನೆ

ನಮ್ಮ ಹಿರಿಯರು ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರೇ ಹೊರತು ‘ಮನೆ ಕೊಂಡು ನೋಡು’ ಎನ್ನಲಿಲ್ಲ. ಕೊಳ್ಳುವವನ ಪಾಡು ಅವರ ಕಣ್ಣಿಗೆ ಬೀಳಲಿಲ್ಲವೋ, ಬಿದ್ದರೂ ಕರುಣೆಯಿಂದ ಸುಮ್ಮನಾದರೋ ತಿಳಿಯದು. ಕಟ್ಟುವವನಿಗೆ ಮೇಸ್ತ್ರಿಯೊಬ್ಬನೊಡನೆ ಜಗಳವಾಡಿದರೆ ತೀರಿತು. ಕೊಳ್ಳುವವನಾದರೋ ಸತ್ತವರೊಡನೆಯೂ ವ್ಯವಹರಿಸಬೇಕು.

ಗಂಗಾನಗರದಲ್ಲಿ ನಾವು ಬಾಡಿಗೆಗೆ ಬಂದು ಆರು ವರ್ಷಗಳಾದವು. ಬಳ್ಳಾರಿ ರಸ್ತೆಯ ಗದ್ದಲದಿಂದ ಒಳಕ್ಕೆ ತಿರುಗಿ ನಾಲ್ಕು ಹೆಜ್ಜೆ ನಡೆದರೆ ಈಗಲೂ ಬೆಳಗಿನ ಹೊತ್ತು ರಂಗೋಲಿ ಕಾಣುವ ಬೀದಿಗಳಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ರಸ್ತೆಯ ಮಹಿಮೆ ಬೆಳೆದು, ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಲ್ಲಿ ನಾಲ್ಕು ಅಂತಸ್ತುಗಳು ಏಳುತ್ತಿವೆ. ಇನ್ನೂ ಉರುಳದಿರುವ ಒಂದು ಮನೆಯನ್ನು, ಇಪ್ಪತ್ತು ಮೂವತ್ತರ ನಿವೇಶನದ್ದು, ದಳ್ಳಾಳಿಯೊಬ್ಬರು ನಮಗೆ ತೋರಿಸಿದರು. ಕೆಂಪು ನೆಲ, ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ, ಒರಳುಕಲ್ಲು. ಬೆಲೆಯನ್ನು ಇಲ್ಲಿ ಬರೆಯಲಾರೆ. ಬರೆದರೆ ನಾನು ಕಾಲೇಜಿನ ಅಧ್ಯಾಪಕನೆಂಬುದನ್ನು ಯಾರೂ ನಂಬರು. ನನ್ನಾಕೆಯ ಬ್ಯಾಂಕಿನ ಸಂಬಳದ ಮೇಲೆ ಸಾಲ, ತಿಪಟೂರಿನ ಕಡೆಯ ನಮ್ಮ ತೆಂಗಿನ ತೋಟದಲ್ಲಿ ನನ್ನ ಪಾಲನ್ನು ಮಾರಿ ಬಂದ ಹಣ, ಇವೆರಡೂ ಸೇರಿದರೆ ಹೇಗೋ ಹೊಂದುತ್ತಿತ್ತು.

ಮಾರುವವರು ಅಣ್ಣತಮ್ಮಂದಿರಿಬ್ಬರು. ಹಿರಿಯರು ನಿವೃತ್ತರು, ಮಿತಭಾಷಿಗಳು. ಅವರನ್ನು ರಾಯರೆಂದೇ ಕರೆಯೋಣ. ಅವರ ತಂದೆ ತಮ್ಮ ಸಂಪಾದನೆಯಿಂದ ನಿವೇಶನ ಕೊಂಡು ಮನೆ ಕಟ್ಟಿಸಿ, ಉಯಿಲನ್ನು ಬರೆಯದೆ ತೀರಿಕೊಂಡಿದ್ದರು. ತಾಯಿಯೂ ಈಗ ಇಲ್ಲ. ಮೂಲಪತ್ರ, ಖಾತೆ, ಕಂದಾಯದ ರಸೀದಿಗಳು, ಇ.ಸಿ., ಎಲ್ಲವನ್ನೂ ರಾಯರು ಮದುವೆಯ ಜಾತಕಗಳಂತೆ ಅರಿಸಿನ ಬಣ್ಣದ ದಾರದಲ್ಲಿ ಕಟ್ಟಿ ಇಟ್ಟಿದ್ದರು. ಕನ್ನಡ ಎಂ.ಎ. ಮಾಡಿದವನ ಚಾಪಲ್ಯವೆನ್ನಿ, ಹಳೆಯ ಕ್ರಯಪತ್ರವನ್ನು ಕಂಡು ನಾನು ಮೈಮರೆತೆ. ನಿಧಿ, ನಿಕ್ಷೇಪ, ಜಲ, ಪಾಷಾಣವೆಂದು ವಿಜಯನಗರದ ಕಾಲದ ದಾನಶಾಸನಗಳಲ್ಲಿ ಬರುವ ಅಷ್ಟಭೋಗಗಳೆಲ್ಲ ಆ ಆರುನೂರು ಚದರಡಿಯ ನೆಲಕ್ಕೂ ದತ್ತವಾಗಿದ್ದವು! ಈ ನೆಲದಡಿಯಲ್ಲಿ ನಿಧಿ ಸಿಕ್ಕರೆ ನಮ್ಮದೇ ಎಂದು ನಾನು ನನ್ನಾಕೆಯತ್ತ ತಿರುಗಿದೆ.

ಅವಳು ಪತ್ರವನ್ನು ನೋಡುತ್ತಿರಲಿಲ್ಲ, ಗೋಡೆಯನ್ನು ನೋಡುತ್ತಿದ್ದಳು. ಅಲ್ಲೊಂದು ಹಳೆಯ ಫೋಟೋ: ತಂದೆ, ತಾಯಿ, ಇಬ್ಬರು ಹುಡುಗರು, ನಡುವೆ ಎರಡು ಜಡೆಯ ಒಬ್ಬಳು ಹುಡುಗಿ.

“ಇವರು ಯಾರು ಮಾವಯ್ಯ?” ಎಂದಳು. ರಾಯರನ್ನು ಅವಳು ಮೊದಲ ದಿನದಿಂದಲೇ ಹಾಗೆ ಕರೆಯತೊಡಗಿದ್ದಳು.

“ನಮ್ಮ ತಂಗಿ. ಮೈಸೂರಿಗೆ ಕೊಟ್ಟಿದೆ. ಅವಳಿಗೆ ಮದುವೇಲೇ ಎಲ್ಲಾ ಕೊಟ್ಟಾಯ್ತಮ್ಮ.”

ವಂಶವೃಕ್ಷವೆಂದು ನಮಗೆ ತೋರಿಸಿದ್ದ ಹಾಳೆಯಲ್ಲಿ ಎರಡೇ ಕೊಂಬೆಗಳಿದ್ದವು. ನಾನು ಬಾಯಿ ತೆರೆಯುವುದರೊಳಗೆ ದಳ್ಳಾಳಿಗಳು ಎದ್ದು ನಿಂತರು. “ಮೇಷ್ಟ್ರೇ, ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ. ಈಗಲೇ ಟೋಕನ್ ಕೊಟ್ಟುಬಿಡಿ. ಆಮೇಲೆ ನನ್ನನ್ನ ಬೈಕೊಂಡು ಪ್ರಯೋಜನ ಇಲ್ಲ.”

ನನ್ನ ಕೈ ಚೆಕ್ಕುಪುಸ್ತಕದ ಕಡೆಗೆ ಹೋಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಅದನ್ನು ತಡೆದದ್ದು ನನ್ನ ವಿವೇಕವಲ್ಲ, ನನ್ನ ತಮ್ಮ. ಅವನ ಸಮಾಚಾರವನ್ನು ಹೇಳದೆ ಕಥೆ ಮುಂದೆ ಸಾಗದು.

ಅವನಿರುವುದು ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟೆಲ್ವೀನಿನಲ್ಲಿ. ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡ ಊರು. ನಮ್ಮ ದೇಶದವರು ಅಲ್ಲಿ ಬಹಳ. ಕಳೆದ ವರ್ಷ ಅವನೊಂದು ಸಾಲುಮನೆಯನ್ನು ಕೊಂಡ. ಎಡಬಲದ ಗೋಡೆಗಳು ನೆರೆಯವರವು, ಮುಂದೆ ಅಂಗೈಯಗಲ ತೋಟ. ಅಲ್ಲಿ ಕೇಳಿದ ಬೆಲೆಗಿಂತ ಹೆಚ್ಚು ಬರೆದು ಮುಚ್ಚಿದ ಲಕೋಟೆಯಂತೆ ಸಲ್ಲಿಸಬೇಕಂತೆ. ಇತರರು ಎಷ್ಟು ಬರೆದರೆಂಬುದು ಕಾಣದು. ನಾಲ್ಕು ಮನೆಗಳನ್ನು ಅವನು ಹೀಗೆ ಕಳೆದುಕೊಂಡ. ಐದನೆಯದು ಒಲಿಯಿತು. ಕರಾರಿಗೆ ಸಹಿಯೂ ಆಯಿತು. ಆದ ಎರಡನೆಯ ರಾತ್ರಿ, ನಮಗೆ ನಡುರಾತ್ರಿಯ ಹೊತ್ತು, ಫೋನು ಮಾಡಿ “ಅಣ್ಣಾ, ಬೇಡ ಅನ್ನಿಸ್ತಿದೆ” ಎಂದ.

ಸಹಿ ಹಾಕಿದ ಮೇಲೆ ಬೇಡವೆಂದರೆ ಮುಂಗಡ ಹೋಯಿತಲ್ಲವೇ ಎಂದು ನಾನು ಹೌಹಾರಿದೆ. ಹೋಗುವುದಿಲ್ಲವೆಂದು ಅವನೇ ಸಮಾಧಾನ ಹೇಳಿದ. 2003ರ ಸೆಪ್ಟೆಂಬರಿನಿಂದ ಆ ದೇಶದಲ್ಲೊಂದು ಕಾನೂನಿದೆ. ವಾಸಕ್ಕೆಂದು ಮನೆ ಕೊಳ್ಳುವವನಿಗೆ, ಸಹಿಯಾದ ಕರಾರಿನ ಪ್ರತಿ ಕೈಸೇರಿದ ಮೇಲೆ, ಯೋಚಿಸಲು ಮೂರು ದಿನಗಳ ಕಾಲಾವಕಾಶ. ಆ ಮೂರರಲ್ಲಿ ಎರಡಾದರೂ ಶನಿವಾರ, ಭಾನುವಾರ, ಹಬ್ಬದ ದಿನಗಳಾಗಿರಕೂಡದು. ಅಷ್ಟರೊಳಗೆ ‘ನನಗೆ ಬೇಡ’ ಎಂದರೆ ಏಕೆಂದು ಯಾರೂ ಕೇಳುವಂತಿಲ್ಲ, ದಂಡ ಕೊಡಬೇಕಾದದ್ದಿಲ್ಲ. ಮಾರುವವನಿಗೆ ಈ ಸವಲತ್ತು ಇಲ್ಲ. ಮನುಷ್ಯನಿಗೆ ಮನೆಯ ವಿಷಯದಲ್ಲಿ ಬುದ್ಧಿ ಮಂಕಾಗುವುದೆಂದು ಅರಿತು ಬರೆದ ಶಾಸನವಿದು.

ಅವನ ಹೆದರಿಕೆ ಅಡಿಪಾಯದ್ದು. ಆ ಜೌಗುನೆಲದ ಹಳೆಯ ಮನೆಗಳು ಎಷ್ಟೋ ಮರದ ಕಂಬಗಳ ಮೇಲೆ ನಿಂತಿವೆ. ಕಂಬಗಳು ನೀರಿನಲ್ಲಿ ಮುಳುಗಿರುವವರೆಗೆ ಭದ್ರ. ಅಂತರ್ಜಲ ಇಳಿದು ಗಾಳಿ ತಗಲಿತೋ, ತಲೆ ಕೊಳೆಯತೊಡಗುತ್ತದೆ. ಮೂರನೆಯ ದಿನ ಪರೀಕ್ಷಕರಿಂದ ಕಾಂಕ್ರೀಟಿನ ಕಂಬಗಳೆಂಬ ಮಾತು ಬಂದು ಅವನು ನಿದ್ರೆ ಮಾಡಿದ. ಮುಂದಿನದನ್ನು ನೋಟರಿ ನಡೆಸಿದರು. ನಮ್ಮಲ್ಲಿ ನೋಟರಿಯೆಂದರೆ ಮರದ ಕೆಳಗೆ ಮೊಹರು ಒತ್ತುವವರು. ಅಲ್ಲಿಯವರು ಎರಡು ಕಡೆಯವರಿಗೂ ಸಮಾನರಾದ ರಾಜನಿಯುಕ್ತ ಅಧಿಕಾರಿಗಳು. ಹಣ ಅವರ ಖಾತೆಗೆ ಹೋಗುತ್ತದೆ. 1832ರಿಂದ ನಡೆದುಬಂದ ಭೂದಾಖಲೆ ಕಛೇರಿಯಲ್ಲಿ ಅಡಮಾನ, ಜಪ್ತಿ ಏನಾದರೂ ಉಂಟೇ ಎಂದು ಅವರೇ ನೋಡಿ, ಪತ್ರವನ್ನು ವಿವರಿಸಿ, ಆಮೇಲೆ ಹಣವನ್ನು ಬಿಡುತ್ತಾರೆ. ತಮ್ಮನಿಗೆ ಡಚ್ ಭಾಷೆ ಬಾರದಾದ್ದರಿಂದ ದುಭಾಷಿಯೊಬ್ಬರನ್ನೂ ಕೂರಿಸಿದ್ದರಂತೆ. ಗೃಹಪ್ರವೇಶದ ದಿನ ಹೋಮದ ಹೊಗೆಗೆ ಛಾವಣಿಯ ಗಂಟೆ ಅರಚಿ ನೆರೆಯವರೆಲ್ಲ ಹೊರಬಂದ ಪ್ರಸಂಗವನ್ನು ಇನ್ನೊಮ್ಮೆ ಬರೆಯುತ್ತೇನೆ.

ನಮ್ಮಲ್ಲಿ ಈ ಕೆಲಸಗಳೆಲ್ಲ ಕೊಳ್ಳುವವನ ತಲೆಗೆ. ನೋಂದಣಿಯಾಗಿದೆ, ಆದ್ದರಿಂದ ಹಕ್ಕು ಸಿದ್ಧವೆಂದು ಬಹುಮಂದಿ ತಿಳಿದಿದ್ದಾರೆ. 1908ರ ನೋಂದಣಿ ಕಾಯಿದೆ ನೋಂದಾಯಿಸುವುದು ಪತ್ರವನ್ನು. ಮಾರುವವನಿಗೆ ಮಾರುವ ಹಕ್ಕಿತ್ತೆಂದು ಅದು ಭರವಸೆ ಕೊಡುವುದಿಲ್ಲ. ಇ.ಸಿ.ಯಲ್ಲಿ ಕಾಣುವುದೂ ನೋಂದಣಿಯಾದ ವ್ಯವಹಾರಗಳೇ. ಮೈಸೂರಿಗೆ ಕೊಟ್ಟ ತಂಗಿ ಅದರಲ್ಲಿ ಕಾಣಳು. ಬೆಲೆ 45 ಲಕ್ಷ ಮೀರಿದರೆ ಮುದ್ರಾಂಕ, ಅದರ ಮೇಲಿನ ತೆರಿಗೆಗಳು, 2025ರ ಆಗಸ್ಟ್ 31ರಿಂದ ಎರಡರಷ್ಟಾದ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಶೇಕಡಾ 7.6 ಆಗುತ್ತದೆ. ತಮ್ಮ ಕೊಟ್ಟದ್ದು ಶೇಕಡಾ 2. ಅಷ್ಟು ತೆತ್ತ ಮೇಲೂ ತಂಗಿಯನ್ನು ಹುಡುಕುವ ಹೊಣೆ ನಮ್ಮದೇ.

“ಮೂರು ದಿನ ಕೊಡಿ” ಎಂದು ರಾಯರಿಗೆ ಹೇಳಿ ಬಂದೆ. ದಳ್ಳಾಳಿಗಳು ನನ್ನನ್ನು ಕಂಡ ರೀತಿ ಫೇಲಾದ ವಿದ್ಯಾರ್ಥಿ ಪರೀಕ್ಷಕನನ್ನು ಕಾಣುವಂತಿತ್ತು.

ವಕೀಲರು ಹೇಳಿದ್ದು ಸರಳ. ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮಗಳಿಗೂ ಮಗನಷ್ಟೇ ಪಾಲು. ಇದು 2005ರ ತಿದ್ದುಪಡಿಯಿಂದ ಬಂದದ್ದಲ್ಲ. ಅದು ಪಿತ್ರಾರ್ಜಿತದ ಮಾತು. ಮದುವೆಯಲ್ಲಿ ಕೊಟ್ಟ ಬಳೆಯಿಂದ ಈ ಪಾಲು ಸಂದುಹೋಗುವುದಿಲ್ಲ. ಆಕೆ ಕ್ರಯಪತ್ರಕ್ಕೆ ಮಾರುವವಳಾಗಿ ಸಹಿ ಮಾಡಬೇಕು. ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಎರಡೂ ಇಲ್ಲದಿದ್ದರೆ ಮನೆಯ ಮೂರನೆಯ ಒಂದು ಭಾಗ ನಮ್ಮದಾಗದು. ಕರಿಬೇವಿನ ಗಿಡ ಯಾವ ಭಾಗಕ್ಕೆ ಬರುವುದೋ ದೇವರಿಗೇ ಗೊತ್ತು.

ಎರಡನೆಯ ರಾತ್ರಿ ನನಗೂ ನಿದ್ರೆ ಬರಲಿಲ್ಲ. ರಾಯರ ತಂಗಿಯ ಯೋಚನೆಯಲ್ಲಿದ್ದವನಿಗೆ ನಮ್ಮಕ್ಕ ನೆನಪಾದಳು. ತೋಟ ಪಾಲಾದ ದಿನ ಅವಳೂ ಅರಸೀಕೆರೆಯಿಂದ ಬಂದಿದ್ದಳು. ಬಿಡುಗಡೆ ಪತ್ರವನ್ನು ನಾನೇ ಅವಳ ಮುಂದೆ ಹಿಡಿದೆ. ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ನಾವು ಅವಳಿಗೊಂದು ರೇಷ್ಮೆ ಸೀರೆ ಕೊಟ್ಟೆವು. ಪತ್ರ ಕಾನೂನಿನ ಪ್ರಕಾರ ಅಚ್ಚುಕಟ್ಟು; ನನ್ನ ವಕೀಲರು ಅದರಲ್ಲಿ ಯಾವ ದೋಷವನ್ನೂ ಕಾಣರು. ಆದರೆ ‘ನಿನಗೆ ಬೇಕೇ’ ಎಂದು ನಾವಿಬ್ಬರು ಅಣ್ಣತಮ್ಮಂದಿರಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಆ ಹಣವನ್ನು ಕೈಯಲ್ಲಿ ಹಿಡಿದುಕೊಂಡು ನಾನು ರಾಯರಿಗೆ ಧರ್ಮ ಹೇಳಲು ಹೊರಟಿದ್ದೆ.

ಮೂರನೆಯ ದಿನ ಹೇಳಿದ್ದೂ ಆಯಿತು. ರಾಯರು ಸಿಟ್ಟಾದರು, “ನಮ್ಮ ಮನೆ ಹೆಣ್ಣುಮಗಳ ಮೇಲೆ ನಿಮಗ್ಯಾಕ್ರೀ ಅಷ್ಟು ಕಳಕಳಿ?” ಎಂದರು. ಉತ್ತರ ನನ್ನಲ್ಲಿರಲಿಲ್ಲ. ಸಂಜೆಯ ಪಾರ್ಟಿ ಬಂತೋ ಇಲ್ಲವೋ, ಒಂಬತ್ತನೆಯ ದಿನ ರಾಯರೇ ಫೋನು ಮಾಡಿ “ತಂಗಿ ಬರ್ತಾಳಂತೆ” ಎಂದಷ್ಟೇ ಹೇಳಿದರು.

ಬಂದಾಕೆ ಅರುವತ್ತು ದಾಟಿದವರು. ಒಳಗೆ ಬಂದೊಡನೆ ಹಿತ್ತಿಲಿಗೆ ಹೋಗಿ ಎರಡು ಎಲೆ ಕರಿಬೇವು ಕಿತ್ತು ಮೂಸಿದರು. ಅನಂತರ ಕನ್ನಡಕ ಹಾಕಿಕೊಂಡು ಕರಾರಿನ ಕರಡನ್ನು ಮೊದಲಿನಿಂದ ಓದತೊಡಗಿದರು. ದಳ್ಳಾಳಿಗಳು ಮೂರು ಬಾರಿ ಗಡಿಯಾರ ನೋಡಿದರು. ಆಕೆ ಒಂದು ಸಾಲನ್ನೂ ಬಿಡಲಿಲ್ಲ. ಚಕ್ಕುಬಂದಿಗೆ ಬಂದಾಗ ತಲೆಯೆತ್ತಿ, “ಅಣ್ಣಯ್ಯ, ಪೂರ್ವಕ್ಕೆ ಓಣಿ ಅಂತ ಬರೆದಿದೀರಲ್ಲ. ಓಣಿ ಪಶ್ಚಿಮಕ್ಕಲ್ವೇ? ಸೂರ್ಯ ಬರ್ತಿದ್ದದ್ದು ಪಕ್ಕದ ಮನೆ ತಾರಸಿ ಮೇಲಿಂದ” ಎಂದರು.

ಮೂಲಪತ್ರ ತೆಗೆದು ನೋಡಿದೆವು. ಆಕೆ ಹೇಳಿದ್ದೇ ನಿಜ. ಅಷ್ಟಭೋಗಗಳನ್ನು ಓದಿ ಮೈಮರೆತ ನಾನಾಗಲಿ, ವಕೀಲರಾಗಲಿ ಅದನ್ನು ಕಂಡಿರಲಿಲ್ಲ.

ಮೂವರಿಗೂ ಸಮಪಾಲೆಂದು ಬರೆದು, ಚಕ್ಕುಬಂದಿಯನ್ನು ತಿದ್ದಿ, ಕರಾರು ಮತ್ತೆ ಅಚ್ಚಾಯಿತು. ನೋಂದಣಿ ಮುಂದಿನ ತಿಂಗಳು. ಆ ರಾತ್ರಿ ಅಕ್ಕನಿಗೆ ಫೋನು ಮಾಡಿ ಮನೆಯ ವಿಷಯ ಹೇಳಿದೆ. ತೋಟದ ವಿಷಯವನ್ನೂ ತಡವರಿಸುತ್ತ ಎತ್ತಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅನಂತರ, “ಬಾವಿ ಹತ್ರದ ಎರಡು ಮರ ನಂಗೆ ಬಿಡ್ತೀರೇನೋ ಅಂದ್ಕೊಂಡಿದ್ದೆ ಕಣೋ” ಎಂದಳು. ಆ ಮರಗಳಿರುವುದು ತಮ್ಮನ ಪಾಲಿನಲ್ಲಿ. ಆಮ್‌ಸ್ಟೆಲ್ವೀನಿನಲ್ಲಿ ಆಗ ಸಂಜೆಯಾಗಿತ್ತು. ಕೂಡಲೇ ಅವನಿಗೆ ಫೋನು ಮಾಡಿದೆ.