ತೀರ್ಪಿನ ಪೀಠವೂ ಸೈರಣೆಯ ಧರ್ಮವೂ

ಲಕ್ಷ್ಮೇಶ್ವರದ ನೆರೆಯ ಅಡರಕಟ್ಟಿಯು ಪ್ರಾಚೀನ ಪುಲಿಗೆರೆ ನಾಡಿನ ನೆಲದಲ್ಲಿರುವ ಗ್ರಾಮ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ಸೀಮೆಯಲ್ಲಿರುವದೆಂದು ಹೇಳುವಾಗ ಈ ಪುಲಿಗೆರೆಯನ್ನು ಹೆಸರಿಸಿದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವದೇ ನಿಜವಾದ ಸಂಪತ್ತೆಂದು ಸಾರಿದ ಗ್ರಂಥವೂ ಅದೇ. ಇಂಥ ನಾಡಿನ ಕ್ರೈಸ್ತ ಸಭೆಗಳಲ್ಲಿ, ಅನ್ಯಮತದವರೊಡನೆ ಸೌಹಾರ್ದದಿಂದ ಬಾಳುವವರೇ ಸ್ವಂತ ಸಭೆಯ ಸಹೋದರನ ಅಲ್ಪ ಭೇದವನ್ನು ತಾಳಲಾರದೆ ನ್ಯಾಯಾಧೀಶರಾಗಿ ಕೂಡ್ರುವದು ವಿಪರೀತವಲ್ಲವೆ?

ರವಿವಾರದ ಆರಾಧನೆ ಮುಗಿಯುವದೊಂದೇ ತಡ, ವಿಚಾರಣೆಯು ಆರಂಭವಾಗುವದು. ಯಾರು ಬರಲಿಲ್ಲ, ಯಾರ ಮಗಳು ಸಭೆಯ ಹೊರಗೆ ಮದುವೆಯಾದಳು, ಯಾರ ಮನೆಯವರು ನೆರೆಯವರ ಹಬ್ಬದ ಹೋಳಿಗೆಯನ್ನುಂಡರು—ಇವೇ ಅಪರಾಧಗಳ ಪಟ್ಟಿ. ಆರೋಪಿಯು ಎದುರಿಗಿರುವದಿಲ್ಲ, ಕೇಳಿದ ಮಾತೇ ಸಾಕ್ಷಿ, ಮುಖ ತಿರುಗಿಸುವದೇ ಶಿಕ್ಷೆ. ದೊಡ್ಡ ಪಟ್ಟಣದಲ್ಲಿ ಹೀಗೆ ದೂರವಾದವನು ಬೇರೊಂದು ದೇವಾಲಯದ ಬಾಗಿಲನ್ನು ತಟ್ಟಬಹುದು. ನಾಲ್ಕಾರು ಕ್ರೈಸ್ತ ಮನೆಗಳಷ್ಟೇ ಇರುವ ಹಳ್ಳಿಯಲ್ಲಿ ಅವನು ಎಲ್ಲಿಗೆ ಹೋಗಬೇಕು? ಮಗುವಿನ ದೀಕ್ಷಾಸ್ನಾನಕ್ಕೆ ಯಾರು ಕೂಡಬೇಕು? ಸತ್ತಾಗ ಹೆಣಕ್ಕೆ ಯಾರು ಹೆಗಲು ಕೊಡಬೇಕು?

ಈ ಸಭೆಗಳ ಹುಟ್ಟನ್ನಾದರೂ ನೆನೆಯಬೇಕು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಆ ಕಾಲದಲ್ಲಿ ದೀಕ್ಷೆ ಹೊಂದಿದವರಲ್ಲಿ ಅನೇಕರು ಜಾತಿಯಿಂದಲೂ ಮನೆಯಿಂದಲೂ ಹೊರದೂಡಲ್ಪಟ್ಟರು. ಮತ ಬದಲಿಸಿದವನು ಪಿತ್ರಾರ್ಜಿತದ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರಲ್ಲಿ ಸರಕಾರವು ಕಾಯಿದೆಯನ್ನೇ ಮಾಡಬೇಕಾಯಿತು. ಬಹಿಷ್ಕಾರದ ಉರಿಯಲ್ಲಿ ಬೆಂದವರ ಸಂತತಿಯೇ ಇಂದು ಆ ಕೊಳ್ಳಿಯನ್ನು ಕೈಗೆತ್ತಿಕೊಳ್ಳುವದೇ?

ತೀರ್ಪು ಕೊಡುವವರ ದೃಷ್ಟಿ ಎಷ್ಟು ಮಂದವಾದದ್ದೆಂಬದಕ್ಕೆ ಆ ಮಿಶನ್ನಿನ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಫರ್ಡಿನಾಂಡ್ ಕಿಟೆಲ್ಲರು 1853ರಲ್ಲಿ ಈ ದೇಶಕ್ಕೆ ಬಂದರು. ಜನರ ನುಡಿ, ಕಾವ್ಯ, ಸಂಗೀತ, ಆಚಾರಗಳನ್ನು ಅರಿತು, ಅವರೊಳಗೊಬ್ಬರಾಗಿ ಬಾಳಬೇಕೆಂಬ ಅವರ ಹಂಬಲವು ಜತೆಯ ಮಿಶನರಿಗಳಿಗೆ ರುಚಿಸಲಿಲ್ಲ. ಅವರನ್ನು ದೂರದ ನೀಲಗಿರಿಗೆ ಕಳುಹಿದರು. ಮುಂದೆ ಮಂಗಳೂರಿನ ಛಾಪಖಾನೆಯ ಕೆಲಸಕ್ಕೆ ಕಟ್ಟಿಹಾಕಿದರು. ಯೇಸುವಿನ ಚರಿತ್ರೆಯನ್ನು ಈ ನಾಡಿನ ಹಾಡಿನ ಧಾಟಿಯಲ್ಲಿ ಹೇಳಿದ ಅವರ ಕಥಾಮಾಲೆಯು 1862ರದು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಹೊರಬಂದಿತು. ಇಂದು ಕನ್ನಡಿಗರು ಆ ಮಿಶನ್ನನ್ನು ಕೃತಜ್ಞತೆಯಿಂದ ನೆನೆಯುವದು ಕಿಟೆಲ್ಲರ ಹೆಸರಿನಿಂದಲೇ. ಅವರನ್ನು ತೂಗಿ ಹಗುರವೆಂದವರ ಹೆಸರನ್ನು ಎಷ್ಟು ಜನ ಬಲ್ಲರು?

“ಹಾಗಾದರೆ ಸಭೆಗೆ ಶಿಸ್ತೇ ಬೇಡವೆ?” ಎಂದು ಕೆಲವರು ಕೇಳುವರು. ಬೇಕು, ಆದರೆ ಅದರ ಕ್ರಮವನ್ನು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವೇ ವಿಧಿಸಿದೆ. ತಪ್ಪಿದವನೊಡನೆ ಮೊದಲು ಏಕಾಂತದಲ್ಲಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಕೊನೆಗೆ ಸಭೆಗೆ ತಿಳಿಸಬೇಕು. ರೂಢಿಯಲ್ಲಿ ನಡೆಯುವದು ಇದರ ತಿರುವುಮುರುವು: ಮೊದಲು ಸಭೆಗೆಲ್ಲ ತಿಳಿಯುವದು, ಆ ಮೇಲೆ ಇಬ್ಬರು ಗೆಳೆಯರಿಗೆ, ಎಲ್ಲರಿಗೂ ಕೊನೆಗೆ ತಪ್ಪಿತಸ್ಥನಿಗೆ! ಇದು ಶಿಸ್ತಲ್ಲ, ಚಾಡಿ. ಊಟದ ಪದಾರ್ಥ, ದಿನವಾರಗಳ ಆಚರಣೆ ಇವುಗಳ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪಿಗೆ ಗುರಿಮಾಡಬಾರದೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾನೆ. ಗೋದಿಯೊಡನೆ ಬೆಳೆದ ಕಳೆಯನ್ನು ಅವಸರದಿಂದ ಕಿತ್ತರೆ ಗೋದಿಯೂ ಕಿತ್ತುಬರುವದೆಂಬ ಸಾಮತಿಯ ಅರ್ಥವನ್ನು ಹೊಲ ಬಿತ್ತುವ ಈ ಸೀಮೆಯ ಒಕ್ಕಲಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೈರಣೆಯೆಂದರೆ ಅನ್ಯಾಯಕ್ಕೆ ಮರೆಯಾಗಿ ನಿಲ್ಲುವದಲ್ಲ. ವಿಧವೆಯ ಹಣ ನುಂಗಿದವನನ್ನು, ಹೆಂಡತಿಯನ್ನು ಹೊಡೆಯುವವನನ್ನು, ಸಭೆಯ ಲೆಕ್ಕ ತಪ್ಪಿಸಿದವನನ್ನು ಕೇಳಲೇಬೇಕು. ಸೋಜಿಗವೇನೆಂದರೆ, ಹೋಳಿಗೆಯುಂಡವನ ಮೇಲೆ ಗುಡುಗುವ ನಾಲಗೆಯು ಇಂಥವರ ಮುಂದೆ, ಅವರು ಉಳ್ಳವರಾಗಿದ್ದರೆ, ಮೌನವ್ರತ ಹಿಡಿಯುತ್ತದೆ. ದುರ್ಬಲನಿಗೆ ತೀರ್ಪು, ಬಲವಂತನಿಗೆ ಸೈರಣೆ—ಇದು ಯಾವ ಸುವಾರ್ತೆ?

ವ್ಯಭಿಚಾರದ ಆರೋಪ ಹೊತ್ತ ಸ್ತ್ರೀಯ ಸುತ್ತ ಕಲ್ಲು ಹಿಡಿದು ನಿಂತವರು, ಗುರುವಿನ ಒಂದೇ ಮಾತಿಗೆ, ಹಿರಿಯರು ಮೊದಲಾಗಿ ಒಬ್ಬೊಬ್ಬರೇ ಹೊರಟುಹೋದರೆಂದು ಯೋಹಾನನು ಬರೆದಿದ್ದಾನೆ. ಹಿರಿಯರು ಮೊದಲಾಗಿ—ಎಂಬದನ್ನು ಸಭೆಗಳ ಹಿರಿಯರು ಮನಗಾಣಲಿ. ಮುಂದಿನ ರವಿವಾರ ಖಾಲಿಯಿದ್ದ ಸ್ಥಳವನ್ನು ಕಂಡಾಗ ಅದರ ಕಾರಣವನ್ನು ಅಂಗಳದಲ್ಲಿ ಚರ್ಚಿಸದೆ, ಆ ಮನೆಯ ಬಾಗಿಲಿಗೆ ಹೋಗಿ ಕ್ಷೇಮವನ್ನು ಕೇಳಲಿ.