ಔಷಧಕ್ಕೆ ಮೊದಲು ನೋಟ: ಕಣ್ಣಿನ ಹುಳುರೋಗವೂ ಶ್ರವಣಾತೀತ ಧ್ವನಿಯೂ

ತರಗತಿಯ ಹಿಂದಿನ ಸಾಲಿನ ಹುಡುಗನೊಬ್ಬನು ಕರಿಹಲಗೆಯ ಮೇಲಿನ ಒಂದೇ ಸಾಲು ಎರಡಾಗಿ ಕಾಣುತ್ತದೆಂದು ಹೇಳಿದರೆ, ಉಪಾಧ್ಯಾಯರು ಅವನನ್ನು ಮುಂದಿನ ಸಾಲಿಗೆ ಕರೆದು ಕೂರಿಸುತ್ತಾರೆ. ಬಳಿಕ ಕನ್ನಡಕದ ಮಾತು ಬರುತ್ತದೆ. ಕೆಲವು ದಿನಗಳಲ್ಲಿ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು, ಬಿಳಿಭಾಗ ಕೆಂಪೇರಿ, ಗುಡ್ಡೆ ಒಂದು ಕಡೆಗೆ ಹೊರಳದಾದಾಗ, ಮನೆಯವರು ಧೂಳು ಬಿದ್ದಿತೆಂದೋ ದೃಷ್ಟಿ ತಗಲಿತೆಂದೋ ಭಾವಿಸಿ ಔಷಧದಂಗಡಿಯ ಹನಿಮದ್ದನ್ನು ತಂದು ಹಾಕುತ್ತಾರೆ. ಇಂಥ ತೊಂದರೆಗೆ ಕಾರಣಗಳು ಹಲವು. ಆದರೆ ಕೆಲವು ಮಕ್ಕಳಲ್ಲಿ, ಕಣ್ಣನ್ನು ಹೊರಳಿಸುವ ಸ್ನಾಯುವಿನ ಒಳಗೆ ಲಾಡಿಹುಳುವಿನ ಮರಿಯೊಂದು ನೀರುಗುಳ್ಳೆಯ ರೂಪದಲ್ಲಿ ಮನೆಮಾಡಿಕೊಂಡಿರುತ್ತದೆ. ವೈದ್ಯರು ಇದನ್ನು ಸಿಸ್ಟಿಸರ್ಕೋಸಿಸ್ ಎಂದು ಕರೆಯುತ್ತಾರೆ. ಇದು ದೂರದ ದೇಶದ ವಿಚಿತ್ರ ವ್ಯಾಧಿಯೇನೂ ಅಲ್ಲ. ಕಣ್ಣಿನ ಸ್ನಾಯುಗಳಲ್ಲಿ ಈ ಗುಳ್ಳೆ ಕಂಡುಬಂದ ವರದಿಗಳು ಹೆಚ್ಚಾಗಿ ಹೊರಬಿದ್ದಿರುವುದು ಭಾರತದಿಂದಲೇ.

ಈ ರೋಗವನ್ನು ಕುರಿತು ವಿದ್ಯಾವಂತರಲ್ಲಿಯೂ ಎರಡು ತಪ್ಪು ಭಾವನೆಗಳು ನೆಲೆಯೂರಿವೆ. ಮಾಂಸಾಹಾರಿಗಳಲ್ಲದವರಿಗೆ ಇದು ಬಾರದೆಂಬುದು ಮೊದಲನೆಯದು. ಹುಳುವಿನ ಬಾಧೆಯೆಂದು ತಿಳಿದೊಡನೆ ಹುಳುವಿನ ಮಾತ್ರೆ ಕೊಟ್ಟರೆ ಸಾಕೆಂಬುದು ಎರಡನೆಯದು. ಮೊದಲನೆಯ ಭಾವನೆಯಿಂದ ರೋಗ ಗುರುತಿಗೆ ಸಿಗದೆ ಹೋಗುತ್ತದೆ. ಎರಡನೆಯದರಿಂದ, ಗುರುತು ಸಿಕ್ಕ ಮೇಲೂ ಕಣ್ಣು ಹೋಗುವ ಸಂಭವವುಂಟು. ಇವೆರಡಕ್ಕೂ ಪರಿಹಾರ ಒಂದೇ: ಔಷಧಕ್ಕೆ ಕೈಹಾಕುವ ಮುನ್ನ ಹುಳು ಎಲ್ಲಿದೆ, ಹೇಗಿದೆ ಎಂಬುದನ್ನು ನೋಡುವುದು. ನೋಡಲು ಬೇಕಾದ ಸಾಧನವೂ ಇಂದು ಕೈಗೆಟುಕುವಂಥದು. ಅದೇ ಶ್ರವಣಾತೀತ ಧ್ವನಿಯ ಯಂತ್ರ, ಜನಬಳಕೆಯಲ್ಲಿ ಅಲ್ಟ್ರಾಸೌಂಡ್.

ಹುಳುವಿನ ಜೀವನಕ್ರಮವನ್ನು ಅರಿತರೆ ಮೊದಲನೆಯ ತಪ್ಪು ತಾನಾಗಿಯೇ ಕಳಚಿಬೀಳುತ್ತದೆ. ಗುಳ್ಳೆಗಳಿರುವ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಸಾಮಾನ್ಯವಾಗಿ 2ರಿಂದ 7 ಮೀಟರ್ ಉದ್ದಕ್ಕೆ ಬೆಳೆಯುವ ಈ ಹುಳುವಿನ ಬಾಲದ ಕಡೆಯ ತುಂಡುಗಳು ಮಲದೊಡನೆ ಹೊರಬೀಳುತ್ತವೆ. ಒಂದೊಂದು ತುಂಡಿನಲ್ಲಿಯೂ ಸುಮಾರು 50,000 ಮೊಟ್ಟೆಗಳಿರುತ್ತವೆ. ಅಲ್ಲಿಯವರೆಗೆ ಮಾತ್ರ ಮಾಂಸದ ಕಥೆ. ಮುಂದಿನದೆಲ್ಲ ಮಲದ ಕಥೆ. ಬಯಲಿನಲ್ಲಿ ಬಿದ್ದ ಮೊಟ್ಟೆಗಳು ಮಳೆಯ ನೀರಿನೊಡನೆ ಕೆರೆ ಬಾವಿಗಳನ್ನೂ ತರಕಾರಿಯ ಮಡಿಗಳನ್ನೂ ಸೇರುತ್ತವೆ. ತೊಳೆಯದ ಕೈಯಿಂದ ಊಟದ ತಟ್ಟೆಗೂ ಬರುತ್ತವೆ. ಅವುಗಳನ್ನು ನುಂಗಿದವನು ಸೌತೆಕಾಯಿ, ಕೊತ್ತಂಬರಿಸೊಪ್ಪು ತಿಂದ ಶುದ್ಧ ಸಸ್ಯಾಹಾರಿಯೇ ಆಗಿದ್ದರೂ, ಮೊಟ್ಟೆಯಿಂದ ಹೊರಬಂದ ಮರಿ ಅವನ ಕರುಳಿನ ಗೋಡೆಯನ್ನು ತೂರಿ ರಕ್ತದೊಡನೆ ಹರಿದು ಮೆದುಳು, ಸ್ನಾಯು, ಕಣ್ಣು ಎಲ್ಲಿ ಬೇಕಾದರೂ ನೆಲೆಸುತ್ತದೆ.

1992ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಿಂದ ಪ್ರಕಟವಾದ ವೈದ್ಯಕೀಯ ವರದಿಯೊಂದು ಈ ಮಾತಿಗೆ ಮನಮುಟ್ಟುವ ನಿದರ್ಶನ. ಹಂದಿಮಾಂಸವನ್ನು ಧರ್ಮನಿಷ್ಠೆಯಿಂದ ವರ್ಜಿಸಿದ್ದ ಯೆಹೂದಿ ಸಮುದಾಯದ ನಾಲ್ವರಿಗೆ ಮೆದುಳಿನಲ್ಲಿ ಇದೇ ಗುಳ್ಳೆಗಳು ಕಂಡುಬಂದಿದ್ದವು. ಹುಳುವಿನ ಹಾವಳಿ ಇರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದು ಅವರ ಮನೆಗಳಲ್ಲಿ ಕೆಲಸಕ್ಕಿದ್ದವರ ಮೂಲಕ ಸೋಂಕು ತಗಲಿರಬೇಕೆಂದು ತನಿಖೆ ನಡೆಸಿದವರು ತೀರ್ಮಾನಿಸಿದರು. ಇಲ್ಲಿ ಆ ಕೆಲಸದವರನ್ನು ದೂರುವುದು ನ್ಯಾಯವಲ್ಲ. ತಮ್ಮ ಹೊಟ್ಟೆಯಲ್ಲಿ ಹುಳುವಿದೆಯೆಂಬುದು ಅದನ್ನು ಹೊತ್ತವರಿಗೆ ಅನೇಕ ವೇಳೆ ತಿಳಿದೇ ಇರುವುದಿಲ್ಲ. ಒಂದು ಅಡಿಗೆಮನೆಯ ಮಡಿ ಎಷ್ಟೇ ಕಟ್ಟುನಿಟ್ಟಾಗಿದ್ದರೂ, ಅಲ್ಲಿ ದುಡಿಯುವವರ ಆರೋಗ್ಯವನ್ನೂ ನೆರೆಹೊರೆಯ ಶೌಚವನ್ನೂ ಅಲಕ್ಷಿಸಿದರೆ ಆ ಮಡಿ ಯಾರನ್ನೂ ಕಾಪಾಡದು ಎಂಬುದೇ ಇದರಿಂದ ಕಲಿಯಬೇಕಾದ ಪಾಠ.

ಕಣ್ಣನ್ನು ಸೇರಿದ ಹುಳುವನ್ನು ನೋಡುವುದು ಹಿಂದೆ ಸುಲಭವಾಗಿರಲಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಲೋಕಕ್ಕೆ ಪರಿಚಯಿಸಿದ ಬಳಿಕವೇ ಜೀವಂತ ಮನುಷ್ಯನ ಕಣ್ಣಿನ ಒಳಭಾಗ ವೈದ್ಯರಿಗೆ ಗೋಚರವಾಯಿತು. ಅದರ ಸಹಾಯದಿಂದ ಬರ್ಲಿನ್ನಿನ ಗ್ರೇಫೆ ಎಂಬ ಪ್ರಖ್ಯಾತ ನೇತ್ರವೈದ್ಯನು ಕಣ್ಣಿನೊಳಗೆ ಅಲುಗಾಡುವ ಈ ಹುಳುವನ್ನು ಅನೇಕ ರೋಗಿಗಳಲ್ಲಿ ಕಂಡು ವಿವರಿಸಿದನು. ಮುಂದೆ ಆ ದೇಶದಲ್ಲಿ ಮಾಂಸದ ತಪಾಸಣೆ ಬಿಗಿಯಾದ ಮೇಲೆ ರೋಗವೇ ವಿರಳವಾಯಿತು. ಆದರೆ ನೇತ್ರದರ್ಶಕಕ್ಕೆ ಒಂದು ಮಿತಿಯುಂಟು. ಅದು ಬೆಳಕನ್ನೇ ನಂಬಿದ ಸಾಧನ. ಹುಳುವಿನ ದೆಸೆಯಿಂದ ಉರಿಯೂತವಾಗಿ ಕಣ್ಣಿನೊಳಗಿನ ಸ್ವಚ್ಛ ದ್ರವ್ಯ ಕದಡಿದರೆ, ಅಥವಾ ಮಸೂರಕ್ಕೆ ಪೊರೆ ಕವಿದರೆ ಬೆಳಕು ಒಳಹೋಗದು. ಗುಡ್ಡೆಯ ಹಿಂದಿರುವ ಸ್ನಾಯುಗಳಂತೂ ಬೆಳಕಿಗೆ ಎಂದೂ ಎಟುಕುವಂಥವಲ್ಲ.

ಬೆಳಕು ಸೋತ ಎಡೆಯಲ್ಲಿ ಧ್ವನಿ ನೆರವಿಗೆ ಬಂದಿತು. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಧ್ವನಿ. ಕಣ್ಣಿನ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ಸೆಕೆಂಡಿಗೆ ಒಂದು ಕೋಟಿ ಕಂಪನಗಳ ಧ್ವನಿ. ಬಾವಿಯ ಬಾಯಲ್ಲಿ ನಿಂತು ಕೂಗಿದಾಗ ಮರುದನಿ ಬರುವಂತೆಯೇ, ಈ ಧ್ವನಿಯೂ ಬೇರೆ ಬೇರೆ ಪದರಗಳಿಗೆ ತಾಗಿ ಹಿಂದಿರುಗುತ್ತದೆ. ಮರುದನಿ ಬರಲು ಹಿಡಿದ ಕಾಲದಿಂದ ದೂರವನ್ನೂ, ಅದರ ಬಲದಿಂದ ವಸ್ತುವಿನ ಗುಣವನ್ನೂ ಅಳೆದು ಯಂತ್ರವು ಪರದೆಯ ಮೇಲೆ ಚಿತ್ರ ಬರೆಯುತ್ತದೆ. 1956ರಲ್ಲಿ ಮಂಡ್ಟ್ ಮತ್ತು ಹ್ಯೂಸ್ ಎಂಬ ಅಮೆರಿಕದ ವೈದ್ಯರು ಕಣ್ಣಿನೊಳಗಿನ ಗಡ್ಡೆಗಳ ಪತ್ತೆಗೆ ಇದನ್ನು ಮೊದಲ ಬಾರಿಗೆ ಪ್ರಯೋಗಿಸಿದರು. 1958ರಲ್ಲಿ ಬಾಮ್ ಮತ್ತು ಗ್ರೀನ್‌ವುಡ್ ಎಂಬವರು ಕಣ್ಣಿನ ಅಡ್ಡಕೊಯ್ತದಂಥ ಚಿತ್ರವನ್ನೇ ಪಡೆದರು. ಇಂದು ಮುಚ್ಚಿದ ರೆಪ್ಪೆಯ ಮೇಲೆ ಸ್ವಲ್ಪ ಲೋಳೆ ಸವರಿ, ಲೇಖನಿಗಿಂತ ತುಸು ದಪ್ಪವಾದ ಶೋಧಕವನ್ನು ಮೆಲ್ಲನೆ ಇಟ್ಟರೆ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಕ್ಷಕಿರಣದ ಭಯವೂ ಇಲ್ಲ. ಆದುದರಿಂದ ಮಗುವಿಗೆ ಮತ್ತೆ ಮತ್ತೆ ಮಾಡಿದರೂ ಬಾಧಕವಿಲ್ಲ.

ಹುಳುವಿನ ಗುಳ್ಳೆಯ ವಿಷಯದಲ್ಲಿ ಈ ಚಿತ್ರದ ಸ್ಪಷ್ಟತೆ ವಿಶೇಷವಾದುದು. ಗುಳ್ಳೆಯೊಳಗಿನ ನೀರು ಮರುದನಿಯನ್ನು ಕೊಡದೆ ಕಪ್ಪಾಗಿ ಕಾಣುತ್ತದೆ. ಸುತ್ತಲಿನ ಗೋಡೆ ತೆಳುವಾದ ಬಿಳಿಯ ಗೆರೆಯಾಗಿ ತೋರುತ್ತದೆ. ಒಳಗೆ ಒಂದು ಕಡೆ ಹುಳುವಿನ ತಲೆ ಹೊಳೆಯುವ ಚುಕ್ಕಿಯಾಗಿ ಎದ್ದು ನಿಲ್ಲುತ್ತದೆ. ಗುಳ್ಳೆ ಕಣ್ಣಿನೊಳಗೇ ಇದ್ದು ಹುಳು ಜೀವಂತವಾಗಿದ್ದರೆ, ರೋಗಿ ಕಣ್ಣನ್ನು ಅಲುಗಿಸದಿದ್ದಾಗಲೂ ಅದು ಹಿಗ್ಗಿ ಕುಗ್ಗುವುದನ್ನು ಪರದೆಯ ಮೇಲೆ ಕಾಣಬಹುದಾಗಿದೆ. ರಕ್ತಪರೀಕ್ಷೆ ಈ ಕೆಲಸವನ್ನು ಮಾಡಲಾರದು. ಕಣ್ಣಿನಲ್ಲಿ ಒಂದೇ ಗುಳ್ಳೆ ಇದ್ದಾಗ ರಕ್ತದಲ್ಲಿ ರೋಗದ ಸುಳಿವೇ ಸಿಗದಿರುವುದು ಸಾಮಾನ್ಯ.

ಎರಡನೆಯ ತಪ್ಪು ಭಾವನೆಯ ಅಪಾಯ ಇಲ್ಲಿಯೇ ಅಡಗಿದೆ. ಗುಳ್ಳೆ ಸ್ನಾಯುವಿನಲ್ಲಿದ್ದರೆ ಆಲ್ಬೆಂಡಜೋಲ್ ಎಂಬ ಔಷಧವನ್ನೂ, ಉರಿಯೂತವನ್ನು ತಡೆಯುವ ಸ್ಟೀರಾಯ್ಡನ್ನೂ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲವು ವಾರಗಳ ಕಾಲ ಕೊಟ್ಟರೆ ಬಹುಮಟ್ಟಿಗೆ ಗುಣವಾಗುತ್ತದೆ. ಗುಳ್ಳೆ ಕುಗ್ಗುತ್ತಿರುವುದನ್ನು ಅದೇ ಯಂತ್ರದಿಂದ ನೋಡುತ್ತಲೂ ಇರಬಹುದು. ಆದರೆ ಗುಳ್ಳೆ ಗುಡ್ಡೆಯ ಒಳಗೇ, ಅಕ್ಷಿಪಟಲದ ಹಿಂದೆಯೋ ಮುಂದೆಯೋ ಇದ್ದರೆ ಅದೇ ಔಷಧ ವಿಪತ್ತನ್ನು ತರುತ್ತದೆ. ಸಾಯುವ ಹುಳುವಿನಿಂದ ಸ್ರವಿಸುವ ವಸ್ತುಗಳು ಭೀಕರ ಉರಿಯೂತವನ್ನು ಎಬ್ಬಿಸಿ ದೃಷ್ಟಿಯನ್ನೇ ಕಳೆಯಬಲ್ಲವು. ಅಲ್ಲಿ ಹುಳು ಸಾಯುವುದಕ್ಕೆ ಮೊದಲೇ ಶಸ್ತ್ರಕ್ರಿಯೆಯಿಂದ ಅದನ್ನು ಇಡಿಯಾಗಿ ಹೊರತೆಗೆಯುವುದೇ ಮಾರ್ಗ. ಹುಳು ಒಂದೇ, ಔಷಧ ಒಂದೇ. ಆದರೆ ಕೆಲವು ಮಿಲಿಮೀಟರುಗಳ ಸ್ಥಳಭೇದದಿಂದ ಒಂದೆಡೆ ಅದು ಅಮೃತ, ಇನ್ನೊಂದೆಡೆ ವಿಷ. ಮೆದುಳಿನಲ್ಲಿಯೂ ಗುಳ್ಳೆಗಳಿದ್ದರೆ ಔಷಧದಿಂದ ಮೂರ್ಛೆ ಬರುವ ಸಂಭವವಿರುವುದರಿಂದ, ಚಿಕಿತ್ಸೆಗೆ ಮುನ್ನ ಮೆದುಳಿನ ಸ್ಕ್ಯಾನನ್ನೂ ಮಾಡಿಸಬೇಕಾಗುತ್ತದೆ. 2015ರಿಂದ ಶಾಲೆಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡಲಾಗುತ್ತಿರುವ ಮಾತ್ರೆ ಹೊಟ್ಟೆಯ ಹುಳುಗಳನ್ನು ಕುರಿತದ್ದು. ಅದರ ಪ್ರಯೋಜನವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಕಣ್ಣು ಊದಿದ ಮಗುವಿಗೆ ಅದೇ ಮಾತ್ರೆಯನ್ನು ಅಂಗಡಿಯಿಂದ ತಂದು ದಿನವೂ ನುಂಗಿಸುವುದು ಬೇರೆಯೇ ಮಾತು.

ನೋಡದೆ ನಡೆದರೆ ಆಗುವ ಅನಾಹುತಕ್ಕೆ ಇನ್ನೊಂದು ಹುಳುವಿನ ಇತಿಹಾಸವೂ ಸಾಕ್ಷಿ. ಮಕ್ಕಳ ಪಾಪೆ ಬೆಳ್ಳಗೆ ಹೊಳೆದರೆ ಅದು ಕ್ಯಾನ್ಸರಿನ ಚಿಹ್ನೆಯಾಗಿರಬಹುದು. ನಾಯಿಮರಿಗಳ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಮಗುವಿನ ಬಾಯಿಗೆ ಬರುವ ದುಂಡುಹುಳುವಿನ ಮರಿಯಿಂದಲೂ ಹಾಗಾಗಬಹುದು. 1950ರಲ್ಲಿ ಅಮೆರಿಕದ ಹೆಲೆನರ್ ವೈಲ್ಡರ್ ಎಂಬ ವಿದುಷಿ, ಹೊರತೆಗೆದು ಸಂಗ್ರಹಿಸಿಟ್ಟಿದ್ದ ಇಂಥ 46 ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, 24ರಲ್ಲಿ ಹುಳುವಿನ ಮರಿಯೋ ಅದರ ಕುರುಹೋ ದೊರೆಯಿತು. ಕ್ಯಾನ್ಸರಿನ ಶಂಕೆಯಿಂದ ಕಿತ್ತ ಕಣ್ಣುಗಳೂ ಅವುಗಳಲ್ಲಿದ್ದವು. ಆ ವೈದ್ಯರನ್ನು ದೂಷಿಸುವಂತಿಲ್ಲ. ಪ್ರಾಣ ಉಳಿಸಲು ಕಣ್ಣನ್ನು ತೆಗೆದರು, ನೋಡುವ ಸಾಧನ ಅವರಲ್ಲಿರಲಿಲ್ಲ. ಈ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಇರುವ ಸುಣ್ಣದ ಕಣಗಳು ಅಲ್ಟ್ರಾಸೌಂಡಿನಲ್ಲಿ ತೀಕ್ಷ್ಣವಾಗಿ ಹೊಳೆದು ತಮ್ಮ ಹಿಂದೆ ನೆರಳು ಬೀಳಿಸುತ್ತವೆ. ಇತರ ಪರೀಕ್ಷೆಗಳೊಡನೆ ಈ ಸುಳಿವೂ ಸೇರಿದರೆ ತಪ್ಪು ತೀರ್ಪಿನ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಸಾಧನವಿರುವ ಕಾಲದಲ್ಲಿಯೂ ನೋಡದೆ ನಡೆದುಕೊಂಡರೆ ಮಾತ್ರ ಅದಕ್ಕೆ ಕ್ಷಮೆಯಿಲ್ಲ.

ಅಪರೂಪದ ರೋಗಕ್ಕಾಗಿ ಬೆಲೆಬಾಳುವ ಯಂತ್ರವೇಕೆಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ. ಆದರೆ ಈ ಯಂತ್ರ ಹುಳುವಿಗಾಗಿ ಕಾಯುತ್ತ ಮೂಲೆಯಲ್ಲಿ ಕೂರುವಂಥದಲ್ಲ. ಬಲಿತ ಪೊರೆಯ ಹಿಂದೆ ಅಕ್ಷಿಪಟಲ ಕಳಚಿದೆಯೇ ಎಂಬುದನ್ನು ಶಸ್ತ್ರಕ್ರಿಯೆಗೆ ಮೊದಲೇ ತಿಳಿಸುವುದೂ ಇದೇ. ಪೆಟ್ಟುಬಿದ್ದ ಕಣ್ಣಿನ ಒಳಗಿನ ರಕ್ತಸ್ರಾವ, ಗಡ್ಡೆಗಳು ಇವೆಲ್ಲವೂ ಇದರ ದೃಷ್ಟಿಗೆ ಬೀಳುತ್ತವೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಸ್ತ್ರಚಿಕಿತ್ಸೆಯನ್ನು ಕೊಂಡೊಯ್ದ ನಾಡಿದು. 2005ರಲ್ಲಿ ಅವರು ಕಣ್ಮರೆಯಾದ ಮೇಲೂ ನೇತ್ರಶಿಬಿರಗಳನ್ನು ನಡೆಸುವ ಸಂಪ್ರದಾಯ ಇಲ್ಲಿ ಬತ್ತಿಲ್ಲ. ಆದರೆ ಶಿಬಿರಗಳ ವರದಿಯಲ್ಲಿ ಎಷ್ಟು ಪೊರೆ ತೆಗೆಯಲಾಯಿತು, ಎಷ್ಟು ಕನ್ನಡಕ ಹಂಚಲಾಯಿತು ಎಂಬ ಲೆಕ್ಕವೇ ಮೆರೆಯುತ್ತದೆ. ಕಾರಣ ತಿಳಿಯದ ಎಷ್ಟು ಕಣ್ಣುಗಳನ್ನು ಮುಂದಿನ ಪರೀಕ್ಷೆಗೆ ಕಳುಹಿಸಲಾಯಿತು, ಅವುಗಳ ಗತಿ ಏನಾಯಿತು ಎಂಬ ಲೆಕ್ಕವೂ ಅದರೊಡನೆ ಬರುವಂತಾಗಬೇಕು.

ದಾನಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಯಂತ್ರವನ್ನು ಕೊಡುವುದು ದಾನದ ಅರ್ಧಭಾಗ ಮಾತ್ರ. ಶೋಧಕವನ್ನು ಯಾವ ಕೋನದಲ್ಲಿ ಹಿಡಿಯಬೇಕು, ಚುಕ್ಕಿಗೂ ಚುಕ್ಕಿಗೂ ಇರುವ ಭೇದವೇನು ಎಂಬುದು ಅಭ್ಯಾಸವಿಲ್ಲದವರಿಗೆ ತಿಳಿಯದು. ಹುಳು ಸತ್ತು ಗುಳ್ಳೆ ಒಡೆದಿದ್ದರೆ ಅದರ ತಲೆಯೇ ಕಾಣದೆ ಪಳಗಿದವರೂ ತಡಬಡಿಸುವುದುಂಟು. ಹೆಸರು ಕೆತ್ತಿಸಿದ ಫಲಕದ ಕೆಳಗೆ ಬಟ್ಟೆ ಮುಚ್ಚಿಕೊಂಡು ನಿಂತ ಯಂತ್ರಕ್ಕಿಂತ, ಒಬ್ಬ ತರುಣ ವೈದ್ಯನ ತರಬೇತಿಗೂ ಯಂತ್ರದ ದುರಸ್ತಿಗೂ ಮೀಸಲಿಟ್ಟ ಸಣ್ಣ ನಿಧಿ ಹೆಚ್ಚು ಕಣ್ಣುಗಳನ್ನು ಉಳಿಸೀತು. ಅನ್ಯದೇಶಗಳಲ್ಲಿ ಹಾಗೂ ನಗರಗಳಲ್ಲಿ ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನಗಳನ್ನು ಇಂಥ ತರಬೇತಿಗೆ ಕೊಟ್ಟರೆ, ಅದು ಯಾವ ಹಣದ ದಾನಕ್ಕೂ ಕಡಿಮೆಯಾದುದಲ್ಲ.

ಉಪಾಧ್ಯಾಯರಿಂದ ಬೇಕಾದುದು ವೈದ್ಯವಿದ್ಯೆಯಲ್ಲ, ಎಚ್ಚರ. ಒಂದು ಕಣ್ಣು ಊದಿಕೊಂಡರೆ, ರೆಪ್ಪೆ ಜೋತುಬಿದ್ದರೆ, ಅಕ್ಷರ ಎರಡಾಗಿ ಕಂಡರೆ, ಪಾಪೆ ಬೆಳ್ಳಗೆ ಹೊಳೆದರೆ ಹನಿಮದ್ದಿಗೂ ಮಾತ್ರೆಗೂ ಎಡೆಗೊಡದೆ ನೇತ್ರತಜ್ಞರ ಬಳಿಗೆ ಕಳುಹಿಸುವುದೇ ಅವರು ಮಾಡಬಹುದಾದ ಮಹದುಪಕಾರ. ಶಾಲೆ ಹಾಗೂ ಪ್ರಸಾದ ನಿಲಯಗಳ ಆಡಳಿತದವರು ಶೌಚಾಲಯದ ಬಳಿ ನೀರು ಮತ್ತು ಸಾಬೂನು ಸದಾ ಇರುವಂತೆಯೂ, ಹಸಿಯಾಗಿ ಬಡಿಸುವ ಕಾಯಿಸೊಪ್ಪುಗಳನ್ನು ಚೆನ್ನಾಗಿ ತೊಳೆಯುವಂತೆಯೂ ನೋಡಿಕೊಳ್ಳಬೇಕು. ಅಡಿಗೆಯವರ ಹಾಗೂ ಬಡಿಸುವವರ ಮಲಪರೀಕ್ಷೆಯನ್ನು ಅವರ ಮಾನಕ್ಕೆ ಕುಂದುಬಾರದಂತೆ, ಅವರಿಗೆ ಖರ್ಚಿಲ್ಲದಂತೆ ಕಾಲಕಾಲಕ್ಕೆ ಮಾಡಿಸಬೇಕು. ಹುಳು ಕಂಡುಬಂದವರನ್ನು ಕೆಲಸದಿಂದ ತೆಗೆದರೆ ಮುಂದೆ ಯಾರೂ ಪರೀಕ್ಷೆಗೆ ಒಪ್ಪಲಾರರು. ಚಿಕಿತ್ಸೆ ಕೊಡಿಸಿ ಉಳಿಸಿಕೊಂಡರೆ ಎಲ್ಲರೂ ತಾವಾಗಿಯೇ ಮುಂದೆ ಬರುತ್ತಾರೆ.

ಈ ಹುಳು ಪೂರ್ಣವಾಗಿ ಬೆಳೆಯುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಆದುದರಿಂದಲೇ ರೋಗನಿರ್ಮೂಲನದ ಅಂತರರಾಷ್ಟ್ರೀಯ ಕಾರ್ಯಪಡೆಯು 1993ರಲ್ಲಿ, ಭೂಮಿಯಿಂದ ತೊಲಗಿಸಲು ಸಾಧ್ಯವಿರುವ ರೋಗಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಆ ದಿನ ಬರುವುದು ಶೌಚಾಲಯದಿಂದಲೇ ಹೊರತು ಯಂತ್ರದಿಂದಲ್ಲ. ಅಲ್ಲಿಯವರೆಗೆ, ಕರಿಹಲಗೆಯ ಸಾಲು ಎರಡಾಗಿ ಕಾಣುತ್ತದೆಂದು ಹೇಳುವ ಹುಡುಗನಿಗೆ ಸಲ್ಲಬೇಕಾದುದು ಮುಂದಿನ ಸಾಲಿನ ಜಾಗವಷ್ಟೇ ಅಲ್ಲ. ಅವನ ಕಣ್ಣಿನೊಳಗೆ ಏನಿದೆಯೆಂಬುದನ್ನು ನೋಡಿ ತಿಳಿದು ಔಷಧ ಕೊಡುವ ವ್ಯವಸ್ಥೆ. ಹಿರಿಯರು ಕೂಡಿ ಮನಸ್ಸು ಮಾಡಿದರೆ ಅದು ಅಸಾಧ್ಯವಾದುದೇನೂ ಅಲ್ಲ.